ಬೈಪಾಸ್‌ಗೆ ಆಸ್ಪತ್ರೆ ಆರಿಸೋದು ಹೇಗೆ: "ಸಕ್ಸಸ್ ರೇಟ್" ಬಿಟ್ಟು ಬೇರೆ ಏನ್ ಕೇಳ್ಬೇಕು

ಆಂಜಿಯೋಗ್ರಾಂ ಆಯ್ತು, ಹಾರ್ಟಿನ ಮೂರೂ ನಾಳದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಬೇಡ ಬೈಪಾಸೇ ಆಗ್ಲಿ ಅಂತ ಡಾಕ್ಟ್ರು ಹೇಳಿದ ಕ್ಷಣದಿಂದ ಮನೇಲಿ ಒಂದೇ ಚರ್ಚೆ, ಎಲ್ಲಿ ಮಾಡ್ಸೋದು ಅಂತ. ಫ್ಯಾಮಿಲಿ ಗ್ರೂಪಲ್ಲಿ ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಚಿಕ್ಕಪ್ಪನ ಬೀಗರಿಗೆ ಅಲ್ಲಾಯ್ತು ಈಗ ಗದ್ದೆ ಕೆಲಸ ಮಾಡ್ಕೊಂಡು ಗಟ್ಟಿಮುಟ್ಟಾಗಿದಾರೆ ಅಂತ ಒಬ್ರು, ಅದೇ ಆಸ್ಪತ್ರೇಲಿ ನಮ್ಮ ಮ್ಯಾನೇಜರ್ ತಂದೆ ಹೋಗ್ಬಿಟ್ರು ಅಂತ ಇನ್ನೊಬ್ರು. ಇಬ್ರೂ ಸುಳ್ಳು ಹೇಳ್ತಿಲ್ಲ, ಆದ್ರೆ ಇಬ್ರ ಕಥೆಯಿಂದ್ಲೂ ನಿಮಗೆ ಏನೂ ಗೊತ್ತಾಗಲ್ಲ.

ನಾನು ಡಾಕ್ಟರಲ್ಲ. ಕೆಲವು ವರ್ಷ ಒಂದು ಆಸ್ಪತ್ರೆಯ ಕ್ವಾಲಿಟಿ ಸೆಕ್ಷನ್ನಲ್ಲಿ ಕೂತು ಆಪರೇಷನ್ ಆದೋರ ಫೈಲ್ ತಿರುವಿ ತಿರುವಿ ಎಕ್ಸೆಲ್ ತುಂಬಿಸೋ ಕೆಲಸ ಮಾಡ್ದೋನು. ಹಾಗಾಗಿ ಟ್ರೀಟ್‌ಮೆಂಟ್ ಬಗ್ಗೆ ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್, ಆಸ್ಪತ್ರೆಯೋರು ಹೇಳೋ ನಂಬರ್‌ಗಳ ಬಗ್ಗೆ ಮಾತ್ರ ನನ್ನ ಮಾತು ಕೇಳಿ.

ಮೊದ್ಲು ಟೈಮ್ ಇದೆಯಾ ನೋಡಿ

ಕೂತಲ್ಲೇ ಎದೆನೋವು ಬರ್ತಿದೆ, ಅಥವಾ ಲೆಫ್ಟ್ ಮೇನ್ ಅನ್ನೋ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದೆ ಅಂದ್ರೆ ಆಸ್ಪತ್ರೆ ಹೋಲಿಸ್ತಾ ಕೂರೋ ಹೊತ್ತಲ್ಲ ಅದು, ಇರೋ ಕಡೆ ಅಥವಾ ಹತ್ತಿರದಲ್ಲಿ ಒಳ್ಳೇ ಹಾರ್ಟ್ ಸರ್ಜರಿ ಯೂನಿಟ್ ಇರೋ ಕಡೆ ಮಾಡಿಸ್ಬಿಡಿ. ನೋವು ಕಂಟ್ರೋಲಲ್ಲಿದೆ, ಮನೆಗೂ ಕಳಿಸಿದಾರೆ ಅಂದ್ರೆ ಸಾಮಾನ್ಯವಾಗಿ ಕೆಲವು ದಿನ ಟೈಮ್ ಇರುತ್ತೆ. "ಡಾಕ್ಟ್ರೇ, ಎಷ್ಟು ದಿನ ಕಾಯಬಹುದು?" ಅಂತ ನೇರವಾಗಿ ಕೇಳಿ ಉತ್ತರ ಬರ್ಕೊಳಿ.

ಆಂಜಿಯೋಗ್ರಾಂ ಸಿಡಿ, ಎಕೋ ರಿಪೋರ್ಟ್, ಬ್ಲಡ್ ರಿಪೋರ್ಟ್ ಎಲ್ಲಾ ಕೈಗೆ ತಗೊಳಿ. ರಿಪೋರ್ಟ್ ಪೇಪರ್ ಒಂದಿದ್ರೆ ಸಾಲಲ್ಲ, ಸಿಡಿನೇ ಬೇಕು, ಸರ್ಜನ್ ನೋಡೋದು ಅದನ್ನೇ. ಕೆಲವು ಕಡೆ ಸಿಡಿ ಕೊಡೋಕೆ ಮೀನಮೇಷ ಎಣಿಸ್ತಾರೆ. ಲೆಟರ್ ಬರ್ದು ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡ್ಬೇಕು ಅಂತ ವೈದ್ಯರ ನಡವಳಿಕೆಯ 2002ರ ರೆಗ್ಯುಲೇಷನ್ನಲ್ಲೇ ಇದೆ, ಅದನ್ನ ಸೌಮ್ಯವಾಗಿ ನೆನಪು ಮಾಡಿ, ಸಾಮಾನ್ಯವಾಗಿ ಅಷ್ಟಕ್ಕೇ ಸಿಗುತ್ತೆ.

ಸೆಕೆಂಡ್ ಒಪಿನಿಯನ್ ತಗೊಳಿ, ಆದ್ರೆ "ಸ್ಟೆಂಟ್ ಸಾಕು" ಅಂತ ಯಾರಾದ್ರೂ ಹೇಳೋವರೆಗೂ ಆಸ್ಪತ್ರೆ ಆಸ್ಪತ್ರೆ ಅಲೀಬೇಡಿ. ಅದ್ರಲ್ಲೂ ಶುಗರ್ ಇರೋರು. ಶುಗರ್ ಜೊತೆಗೆ ಎರಡು ಮೂರು ನಾಳದಲ್ಲಿ ಬ್ಲಾಕ್ ಇರೋರಿಗೆ ಸ್ಟೆಂಟಿಗಿಂತ ಬೈಪಾಸ್ ಆದ್ರೆ ಮುಂದಿನ ವರ್ಷಗಳಲ್ಲಿ ಸಾವೂ ಹಾರ್ಟ್ ಅಟ್ಯಾಕೂ ಕಮ್ಮಿ ಅಂತ 2012ರಲ್ಲಿ ಬಂದ ಫ್ರೀಡಂ ಅನ್ನೋ ದೊಡ್ಡ ಟ್ರಯಲ್ ತೋರಿಸ್ತು (ಸ್ಟ್ರೋಕ್ ಮಾತ್ರ ಬೈಪಾಸಲ್ಲಿ ಸ್ವಲ್ಪ ಜಾಸ್ತಿ).

ಆ 99 ಪರ್ಸೆಂಟ್

ಫೋನ್ ಮಾಡಿ ಕೇಳಿ ನೋಡಿ. "ಮೇಡಂ, ಹೋದ ವರ್ಷ ನಿಮ್ಮಲ್ಲಿ ಬೈಪಾಸ್ ಆದೋರು ಎಷ್ಟು ಜನ, ಅದ್ರಲ್ಲಿ ತೀರ್ಕೊಂಡೋರು ಎಷ್ಟು ಜನ?" ಆ ಕಡೆಯಿಂದ ಬರೋದು ಹೀಗೆ: "ಸರ್, ನಮ್ದು ನೈಂಟಿನೈನ್ ಪರ್ಸೆಂಟ್ ಸಕ್ಸಸ್ ಸರ್, ನೀವು ಟೆನ್ಶನ್ ತಗೋಬೇಡಿ, ಪ್ಯಾಕೇಜ್ ಡೀಟೇಲ್ಸ್ ವಾಟ್ಸಾಪ್ ಮಾಡ್ಲಾ?" ಅವ್ರ ತಪ್ಪಲ್ಲ, ಅವ್ರಿಗೆ ಕೊಟ್ಟಿರೋ ಸ್ಕ್ರಿಪ್ಟ್ ಅದು. ಈ ಪ್ರಶ್ನೆನ ಸರ್ಜನ್‌ನ ನೋಡೋಕೆ ಹೋದಾಗ ಎದುರಿಗೇ ಕೇಳ್ಬೇಕು, ಅದೂ ಬಿಡಿಸಿ ಬಿಡಿಸಿ.

ಮೊದಲನೇದು, ಸಕ್ಸಸ್ ಅಂದ್ರೆ ಏನು ಲೆಕ್ಕ? ಆಪರೇಷನ್ ಟೇಬಲ್ ಮೇಲೆ ಜೀವ ಹೋಗ್ಲಿಲ್ಲ ಅಂತಾನಾ, ಡಿಸ್ಚಾರ್ಜ್ ಆದ್ರು ಅಂತಾನಾ, ತಿಂಗಳಾದ್ಮೇಲೂ ಬದುಕಿದಾರೆ ಅಂತಾನಾ? ಅಮೆರಿಕದ ಹಾರ್ಟ್ ಸರ್ಜನ್‌ಗಳ ಸಂಘ 1989ರಿಂದ ಒಂದು ಡೇಟಾಬೇಸ್ ಇಟ್ಕೊಂಡಿದೆ, ಎಸ್‌ಟಿಎಸ್ ಅಂತಾರೆ. ಅಲ್ಲಿ ನಿಯಮ ಕಟ್ಟುನಿಟ್ಟು: ಆಪರೇಷನ್ ಆದ್ಮೇಲೆ ಆಸ್ಪತ್ರೆಯೊಳಗೆ ಎಷ್ಟು ದಿನಕ್ಕೆ ಸತ್ರೂ ಲೆಕ್ಕಕ್ಕೆ ಬರುತ್ತೆ, ಮನೆಗೆ ಹೋಗಿ 30 ದಿನದೊಳಗೆ ಯಾವ ಕಾರಣಕ್ಕೆ ಸತ್ರೂ ಬರುತ್ತೆ. ಹೀಗೆ ಲೆಕ್ಕ ಹಾಕಿದಾಗ ಅಲ್ಲಿ ಬರೀ ಬೈಪಾಸ್ ಆದೋರಲ್ಲಿ ಸಾವು 100ಕ್ಕೆ 2ರಿಂದ 3ರ ಹತ್ತಿರ ಇರುತ್ತೆ. ಬರೀ ಬೈಪಾಸ್ ಅಂದ್ರೆ ಜೊತೆಗೆ ವಾಲ್ವ್ ಬದಲಾಯಿಸದೇ ಇರೋ ಕೇಸ್‌ಗಳು, ಎರಡೂ ಸೇರಿದ್ರೆ ರಿಸ್ಕ್ ಬೇರೆ, ಅವನ್ನ ಒಂದೇ ಗಂಟಲ್ಲಿ ಕಟ್ಬಾರ್ದು.

ಮನೆಗೆ ಹೋದ್ಮೇಲಿನ ಲೆಕ್ಕ ಯಾಕೆ ಮುಖ್ಯ ಅಂದ್ರೆ, ನನಗೊಂದು ಫೈಲ್ ನೆನಪಿದೆ. ಒಬ್ರು ಯಜಮಾನ್ರು, ದೂರದ ಜಿಲ್ಲೆಯೋರು, ಆಪರೇಷನ್ ಆಗಿ ವಾರಕ್ಕೆ ನಡ್ಕೊಂಡು ಮನೆಗೆ ಹೋದ್ರು, ಫೈಲಲ್ಲಿ "ಸ್ಟೇಬಲ್, ಡಿಸ್ಚಾರ್ಜ್ಡ್" ಅಂತ ಸೀಲ್. ಫಾಲೋ ಅಪ್‌ಗೆ ಬರ್ಲಿಲ್ಲ ಅಂತ ಫೋನ್ ಮಾಡಿದ್ರೆ ಮಗ ಹೇಳಿದ್ದು, ಎರಡನೇ ವಾರ ಎದೆ ಗಾಯದಲ್ಲಿ ಕೀವು ಬಂತು, ಅಷ್ಟು ದೂರ ಯಾಕೆ ಅಂತ ಊರಿನ ನರ್ಸಿಂಗ್ ಹೋಮ್‌ಗೆ ಸೇರಿಸಿದ್ವಿ, ತಿಂಗಳುಗಟ್ಲೆ ಡ್ರೆಸ್ಸಿಂಗ್ ಆಯ್ತು. ನಮ್ಮ ಎಕ್ಸೆಲಲ್ಲಿ ಅವ್ರು ಇನ್ಫೆಕ್ಷನ್ ಇಲ್ಲದ ಕೇಸ್. ಯಾರೂ ಬೇಕಂತ ಮುಚ್ಚಿಟ್ಟಿದ್ದಲ್ಲ, ಕೇಳಿರ್ಲಿಲ್ಲ ಅಷ್ಟೇ. ಎದೆಮೂಳೆ ಇನ್ಫೆಕ್ಷನ್ ಬಹಳಷ್ಟು ಸಲ ಡಿಸ್ಚಾರ್ಜ್ ಆದ್ಮೇಲೇ ಕಾಣಿಸ್ಕೊಳೋದು. ಅದಕ್ಕೇ "ಮನೆಗೆ ಹೋದೋರಿಗೆ 30 ದಿನಕ್ಕೆ ಫೋನ್ ಮಾಡಿ ವಿಚಾರಿಸ್ತೀರಾ?" ಅನ್ನೋ ಪ್ರಶ್ನೆ ಬಹಳ ಬೆಲೆ ಬಾಳೋದು. ಹೌದು ಅನ್ನೋ ಆಸ್ಪತ್ರೆಯ ಇನ್ಫೆಕ್ಷನ್ ನಂಬರ್ ಸ್ವಲ್ಪ ಜಾಸ್ತಿ ಕಂಡ್ರೂ ನಾನು ಅದನ್ನೇ ನಂಬ್ತೀನಿ.

ಎರಡನೇದು, ಎಷ್ಟು ಜನರಲ್ಲಿ? ಹೊಸ ಯೂನಿಟ್ ಒಂದು "50 ಬೈಪಾಸ್ ಮಾಡಿದೀವಿ, ಒಂದೂ ಸಾವಿಲ್ಲ" ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ. ಅಂಕಿಅಂಶದೋರ ಹತ್ರ ಇದಕ್ಕೊಂದು ಸುಲಭ ಸೂತ್ರ ಇದೆ, ಸೊನ್ನೆ ಬಂದಾಗ 3ನ್ನ ಕೇಸ್ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 50 ಅಂದ್ರೆ 6 ಪರ್ಸೆಂಟ್. ಅಂದ್ರೆ ಅವ್ರ ನಿಜವಾದ ಸಾವಿನ ಪ್ರಮಾಣ 100ಕ್ಕೆ 6ರವರೆಗೂ ಇರ್ಬಹುದು, ಈ 50ರಲ್ಲಿ ಅದೃಷ್ಟಕ್ಕೆ ಸೊನ್ನೆ ಬಂದಿರ್ಬಹುದು. 1000 ಮಾಡಿ 20 ಜನ ಹೋದ್ರು ಅಂತ ಬಾಯ್ಬಿಟ್ಟು ಹೇಳೋರ 2 ಪರ್ಸೆಂಟ್ ಆ ಸೊನ್ನೆಗಿಂತ ಗಟ್ಟಿ.

ಮೂರನೇದು, ಎಂಥಾ ಪೇಷಂಟ್‌ಗಳು? 52 ವರ್ಷ, ಹಾರ್ಟಿನ ಪಂಪಿಂಗ್ 60 ಪರ್ಸೆಂಟ್, ಕಿಡ್ನಿ ಚೆನ್ನಾಗಿದೆ ಅನ್ನೋರನ್ನೇ ಆರಿಸಿ ಆರಿಸಿ ಮಾಡಿದ್ರೆ ಯಾವ ಆಸ್ಪತ್ರೆಯ ನಂಬರ್ ಆದ್ರೂ ಹೊಳೆಯುತ್ತೆ. 74 ವರ್ಷ, ಪಂಪಿಂಗ್ 30, ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ಏರಿದೆ ಅನ್ನೋರನ್ನ ಬೇರೆಯೋರು ಕೈಬಿಟ್ಮೇಲೆ ತಗೊಳೋ ದೊಡ್ಡ ಆಸ್ಪತ್ರೇಲಿ ಸಾವು ಜಾಸ್ತಿ ಇದ್ದೇ ಇರುತ್ತೆ, ಅದು ಕೆಟ್ಟ ಆಸ್ಪತ್ರೆ ಅಂತಲ್ಲ.

ನ್ಯೂಯಾರ್ಕಲ್ಲಿ ಆಗಿದ್ದು

ಈ ಲೆಕ್ಕನೆಲ್ಲ ಬಹಿರಂಗ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನ್ಯೂಯಾರ್ಕ್ ರಾಜ್ಯಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಅಲ್ಲಿನ ಆರೋಗ್ಯ ಇಲಾಖೆ 1989ರಿಂದ ಪ್ರತಿ ಬೈಪಾಸ್ ಕೇಸಿನ ವಿವರ ತರಿಸ್ಕೊಂಡು, ಪೇಷಂಟ್ ಎಷ್ಟು ಕಷ್ಟದ ಕೇಸ್ ಅನ್ನೋದನ್ನ ಸರಿದೂಗಿಸಿ, ಆಸ್ಪತ್ರೆ ಹೆಸರು ಸಮೇತ ಸಾವಿನ ಪ್ರಮಾಣ ಪ್ರಕಟ ಮಾಡೋಕೆ ಶುರು ಮಾಡ್ತು. ನ್ಯೂಸ್‌ಡೇ ಅನ್ನೋ ಪತ್ರಿಕೆ ಕೋರ್ಟಿಗೆ ಹೋಗಿ ಸರ್ಜನ್‌ಗಳ ಹೆಸರನ್ನೂ ಹೊರಗೆ ತಂತು. ಡಾಕ್ಟ್ರುಗಳು ಕೂಗಾಡಿದ್ರು. ಆದ್ರೆ ಆ ಸರಿದೂಗಿಸಿದ ಲೆಕ್ಕದಲ್ಲಿ 1989ರಲ್ಲಿ 4.17 ಪರ್ಸೆಂಟ್ ಇದ್ದ ಸಾವು 1992ಕ್ಕೆ 2.45ಕ್ಕೆ ಇಳೀತು.

ಅದ್ರಲ್ಲಿ ನನಗೆ ಬಹಳ ಹಿಡಿಸಿದ್ದು ಆಲ್ಬನಿ ಊರಿನ ಸೇಂಟ್ ಪೀಟರ್ಸ್ ಆಸ್ಪತ್ರೆ ಕಥೆ. ಪಟ್ಟಿಯಲ್ಲಿ ಅವ್ರ ನಂಬರ್ ಕೆಟ್ಟದಾಗಿತ್ತು. ಫೈಲ್ ಕೆದಕಿ ನೋಡಿದ್ರೆ ಮಾಮೂಲಿ ಕೇಸ್‌ಗಳೆಲ್ಲ ಚೆನ್ನಾಗೇ ಇದ್ವು, ತುರ್ತಾಗಿ ಬಂದ ಕೇಸ್‌ಗಳಲ್ಲಿ ಮಾತ್ರ 1992ರಲ್ಲಿ ಸುಮಾರು ನಾಲ್ಕರಲ್ಲಿ ಒಬ್ರು ಸತ್ತಿದ್ರು. ಕಾರಣ ಸರ್ಜನ್ ಕೈ ಅಲ್ಲ. ಅಟ್ಯಾಕ್ ಆಗಿ ಬಿಪಿ ಬಿದ್ದು ಬಂದೋರನ್ನ ಒಂದು ಹದಕ್ಕೆ ತರೋ ಮೊದ್ಲೇ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಓಡಿಸ್ತಿದ್ರು. ಮೊದ್ಲು ಹಾರ್ಟಿಗೆ ಆಸರೆ ಕೊಡೋ ಬಲೂನ್ ಪಂಪ್ ಅದೂ ಇದೂ ಹಾಕಿ ಸ್ಥಿತಿ ಸುಧಾರಿಸಿ ಆಮೇಲೆ ಆಪರೇಷನ್ ಅಂತ ಬದಲಾಯಿಸಿದ್ರು, ಮುಂದಿನ ವರ್ಷ 54 ತುರ್ತು ಕೇಸಲ್ಲಿ ಒಂದೂ ಸಾವಿಲ್ಲ. ಅದೇ ಕಟ್ಟಡ, ಅದೇ ಆಸ್ಪತ್ರೆ. ನಾವು "ಯಾವ ಡಾಕ್ಟ್ರು ಕೈಗುಣ ಚೆನ್ನಾಗಿದೆ" ಅಂತ ಕೇಳ್ತಾ ಕೂರ್ತೀವಿ ನೋಡಿ, ಇದಕ್ಕೇ ಈ ಕಥೆ ಹೇಳಿದ್ದು.

ಇದಕ್ಕೆ ಇನ್ನೊಂದು ಮುಖಾನೂ ಇದೆ, ಪಟ್ಟಿ ಬಂದ್ಮೇಲೆ ನಂಬರ್ ಹಾಳಾಗುತ್ತೆ ಅಂತ ಕಷ್ಟದ ಪೇಷಂಟ್‌ಗಳನ್ನ ದೂರ ಇಡ್ತಾರೆ ಅನ್ನೋ ದೂರು ಅಲ್ಲಿ ಇವತ್ತಿಗೂ ಇದೆ. ನಮ್ಮಲ್ಲಂತೂ ಹೀಗೆ ಆಸ್ಪತ್ರೆ ಹೆಸರು ಹಾಕಿ ಬೈಪಾಸ್ ಸಾವು ತೊಡಕುಗಳನ್ನ ಪ್ರಕಟ ಮಾಡ್ಲೇಬೇಕು ಅನ್ನೋ ಸರ್ಕಾರಿ ಪಟ್ಟಿ ಇಲ್ಲ. ಹಾಗಾಗಿ ನಾವೇ ಬಾಯ್ಬಿಟ್ಟು ಕೇಳ್ಬೇಕು.

ಏನೇನು ತೊಡಕು, ಎಷ್ಟು ಸಾಮಾನ್ಯ

ಸಾವೊಂದೇ ಕೇಳಿ ಸುಮ್ನಾಗ್ಬೇಡಿ. ಎಸ್‌ಟಿಎಸ್‌ನೋರು ದೊಡ್ಡ ತೊಡಕು ಅಂತ ಐದನ್ನ ಎಣಿಸ್ತಾರೆ: ಉಳ್ಕೊಳೋ ಸ್ಟ್ರೋಕ್, ಎದೆಮೂಳೆಯ ಆಳದ ಇನ್ಫೆಕ್ಷನ್, ಕಿಡ್ನಿ ಕೈಕೊಡೋದು, 24 ಗಂಟೆಗಿಂತ ಜಾಸ್ತಿ ವೆಂಟಿಲೇಟರ್, ಮತ್ತೆ ಓಟಿಗೆ ತಗೊಂಡ್ಹೋಗೋದು. ಸ್ಟ್ರೋಕ್ 100ಕ್ಕೆ 1-2, ಕಿಡ್ನಿ 2-3, ರಕ್ತಸ್ರಾವಕ್ಕೆ ಮತ್ತೆ ಎದೆ ತೆರೆಯೋದು 2-4, ಆಳದ ಇನ್ಫೆಕ್ಷನ್ 1ರ ಆಸುಪಾಸು. ವೆಂಟಿಲೇಟರ್ ಉದ್ದ ಆಗೋದು ಇವೆಲ್ಲಕ್ಕಿಂತ ಜಾಸ್ತಿ. ಈ ಐದರ ನಂಬರನ್ನ ಬೇರೆ ಬೇರೆಯಾಗಿ ಇಟ್ಕೊಂಡಿದೀರಾ ಅಂತ ಕೇಳಿ, ನಂಬರ್‌ಗಿಂತ ಮೊದ್ಲು ಇಟ್ಕೊಂಡಿದಾರಾ ಅನ್ನೋದೇ ಪರೀಕ್ಷೆ.

"ನಮ್ಮಲ್ಲಿ ಯಾವ ಕಾಂಪ್ಲಿಕೇಶನ್ನೂ ಆಗಲ್ಲ" ಅನ್ನೋರಿದ್ರೆ ಅಲ್ಲಿಂದ ಎದ್ದು ಬನ್ನಿ. ಯಾಕಂದ್ರೆ ಹಾರ್ಟ್ ಬೀಟ್ ಏರುಪೇರಾಗೋ ಏಟ್ರಿಯಲ್ ಫಿಬ್ರಿಲೇಶನ್ ಅನ್ನೋದು ಬೈಪಾಸ್ ಆದ ಎರಡ್ಮೂರು ದಿನಕ್ಕೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ರಿಗೆ ಬರುತ್ತೆ, ಬಹಳಷ್ಟು ಸಲ ಔಷಧಿಗೆ ಸರಿಹೋಗುತ್ತೆ. ಅದು ಆಗೇ ಇಲ್ಲ ಅಂದ್ರೆ ನೋಡ್ತಿಲ್ಲ ಅಂತ ಅರ್ಥ. ವಯಸ್ಸಾದೋರು ಐಸಿಯುನಲ್ಲಿ ರಾತ್ರಿ ಹೊತ್ತು ಗೊಂದಲ ಮಾಡ್ಕೊಂಡು ಪೈಪ್ ಕೀಳೋಕೆ ಹೋಗೋದು, ಸತ್ತುಹೋದ ಅಣ್ಣನ್ನ ಕರೆಯೋದು, ಇದೂ ಸಾಮಾನ್ಯ, ಕೆಲವು ದಿನಕ್ಕೆ ಇಳಿಯುತ್ತೆ. ಮನೆಯೋರಿಗೆ ಇದನ್ನ ಮೊದ್ಲೇ ಹೇಳಿಡೋ ಆಸ್ಪತ್ರೆ ಒಳ್ಳೇದು.

ನಿಮ್ಮ ಪೇಷಂಟ್‌ಗೆ ರಿಸ್ಕ್ ಎಷ್ಟು ಅಂತ ಲೆಕ್ಕ ಹಾಕೋಕೆ ಯೂರೋಸ್ಕೋರ್ 2 ಅಂತ ಒಂದು ಕ್ಯಾಲ್ಕುಲೇಟರ್ ಇದೆ, ಇಂಟರ್ನೆಟ್ಟಲ್ಲಿ ಫ್ರೀ. ವಯಸ್ಸು, ಕಿಡ್ನಿ, ಪಂಪಿಂಗ್, ಇನ್ಸುಲಿನ್ ತಗೋತಾರಾ, ಶ್ವಾಸಕೋಶದ ಖಾಯಿಲೆ, 90 ದಿನದೊಳಗೆ ಅಟ್ಯಾಕ್ ಆಗಿದ್ಯಾ, ತುರ್ತಾ ಅಲ್ವಾ ಅಂತೆಲ್ಲ ಕೇಳುತ್ತೆ. ಬರೋ ನಂಬರ್ ಅಂದಾಜು ಅಷ್ಟೇ, ಅದನ್ನ ನೀವೇ ನೋಡಿ ಗಾಬರಿ ಬೀಳೋದಕ್ಕಿಂತ "ನಮ್ಮ ತಂದೆಯ ಯೂರೋಸ್ಕೋರ್ ಎಷ್ಟು ಬರುತ್ತೆ, ನಿಮ್ಮಲ್ಲಿ ಇಂಥೋರಿಗೆ ಹೇಗಾಗಿದೆ?" ಅಂತ ಸರ್ಜನ್‌ನ ಕೇಳಿ. "ಕಿಡ್ನಿ ಸ್ವಲ್ಪ ವೀಕ್ ಇದೆ, ಅದಕ್ಕೆ ಇವ್ರಿಗೆ ಮಾಮೂಲಿಗಿಂತ ಡಬಲ್ ರಿಸ್ಕ್, ಡಯಾಲಿಸಿಸ್ ಬೇಕಾಗೋ ಚಾನ್ಸ್ ಇದೆ, ನಾವು ಹೀಗೆ ನೋಡ್ಕೋತೀವಿ" ಅನ್ನೋ ಥರ ಉತ್ತರ ಬಂದ್ರೆ ಕೇಳೋಕೆ ಕಷ್ಟ ಆದ್ರೂ ನೀವು ಸರಿಯಾದ ಜಾಗದಲ್ಲಿ ಕೂತಿದೀರಿ.

ರಾತ್ರಿ 2 ಗಂಟೆ ಪ್ರಶ್ನೆ

ಒಂದೇ ಒಂದು ವಿಷಯ ವಿಚಾರಿಸೋಕೆ ಟೈಮ್ ಇದೆ ಅಂದ್ರೆ ಇದನ್ನ ವಿಚಾರಿಸಿ. 2009ರಲ್ಲಿ ಅಮೆರಿಕದ ಮಿಷಿಗನ್‌ನ ಸರ್ಜನ್‌ಗಳು 84 ಸಾವಿರಕ್ಕೂ ಜಾಸ್ತಿ ಪೇಷಂಟ್‌ಗಳ ಲೆಕ್ಕ ನೋಡಿದ್ರು. ಅದು ಹಾರ್ಟ್ ಅಲ್ಲ, ಹೊಟ್ಟೆ ಮತ್ತೆ ರಕ್ತನಾಳದ ಆಪರೇಷನ್‌ಗಳು, ಆದ್ರೂ ಪಾಠ ಎಲ್ಲದಕ್ಕೂ ಆಗುತ್ತೆ. ಸಾವು ಬಹಳ ಕಮ್ಮಿ ಇದ್ದ ಆಸ್ಪತ್ರೆಗಳಲ್ಲೂ ಬಹಳ ಜಾಸ್ತಿ ಇದ್ದ ಆಸ್ಪತ್ರೆಗಳಲ್ಲೂ ತೊಡಕು ಆಗ್ತಿದ್ದ ಪ್ರಮಾಣ ಹೆಚ್ಚುಕಮ್ಮಿ ಒಂದೇ, ಸುಮಾರು ನಾಲ್ಕರಲ್ಲಿ ಒಬ್ರಿಗೆ. ವ್ಯತ್ಯಾಸ ಎಲ್ಲಿತ್ತು ಅಂದ್ರೆ, ದೊಡ್ಡ ತೊಡಕು ಆದ್ಮೇಲೆ ಒಳ್ಳೇ ಕಡೆ 100ಕ್ಕೆ 12-13 ಜನ ಸತ್ರೆ ಕೆಟ್ಟ ಕಡೆ 21 ಜನ ಸತ್ತಿದ್ರು. ಅಂದ್ರೆ ಎಡವಟ್ಟು ಎಲ್ಲಾ ಕಡೆ ಆಗುತ್ತೆ, ಬೇಗ ಕಂಡುಹಿಡಿದು ಹಿಡಿದೆತ್ತೋ ತಾಕತ್ತು ಎಲ್ಲಾ ಕಡೆ ಇರಲ್ಲ.

ಬೈಪಾಸಲ್ಲಿ ಇದು ಹೇಗೆ ಕಾಣುತ್ತೆ ಹೇಳ್ತೀನಿ. ಆಪರೇಷನ್ ಆದ್ಮೇಲೆ ಎದೆಯಿಂದ ಡ್ರೈನ್ ಪೈಪ್ ಇಟ್ಟಿರ್ತಾರೆ, ಗಂಟೆ ಗಂಟೆಗೂ ಎಷ್ಟು ಮಿಲಿ ರಕ್ತ ಬಂತು ಅಂತ ಸಿಸ್ಟರ್ ಬರೀತಾರೆ. ಸಂಜೆವರೆಗೂ ಬರ್ತಾ ಇದ್ದದ್ದು ರಾತ್ರಿ ಸಡನ್ನಾಗಿ ನಿಂತುಹೋಯ್ತು ಅನ್ಕೊಳಿ. ಹೊಸಬ್ರು ಬ್ಲೀಡಿಂಗ್ ನಿಂತಿದೆ ಅಂತ ಖುಷಿ ಪಡ್ತಾರೆ. ಅನುಭವ ಇರೋ ಸಿಸ್ಟರ್ ಬಿಪಿ ಇಳೀತಿರೋದು, ಯೂರಿನ್ ಕಮ್ಮಿ ಆಗಿರೋದು ಎಲ್ಲಾ ಸೇರಿಸಿ ನೋಡಿ, ಪೈಪ್ ಕಟ್ಟಿರ್ಬಹುದು, ರಕ್ತ ಒಳಗೇ ಹಾರ್ಟ್ ಸುತ್ತ ತುಂಬಿ ಅದನ್ನ ಅಮುಕ್ತಿರ್ಬಹುದು ಅಂತ ಸರ್ಜನ್‌ಗೆ ಫೋನ್ ಮಾಡ್ತಾರೆ. ಆಗ ನಿಮಿಷಗಳ ಲೆಕ್ಕ, ಕೆಲವು ಸಲ ಐಸಿಯು ಬೆಡ್ಡಲ್ಲೇ ಎದೆ ತೆರೀಬೇಕಾಗುತ್ತೆ. ಆ ಹೊತ್ತಲ್ಲಿ ಆ ಸಿಸ್ಟರ್‌ಗೆ ನಾಲ್ಕು ಬೆಡ್ ನೋಡ್ಕೊಳೋ ಡ್ಯೂಟಿ ಹಾಕಿದ್ರೆ, ಸರ್ಜನ್ ಬೇರೆ ಊರಲ್ಲಿದ್ರೆ, ಜಾಹೀರಾತಿನ 99 ಪರ್ಸೆಂಟ್ ಯಾವ ಕೆಲಸಕ್ಕೂ ಬರಲ್ಲ.

ಅದಕ್ಕೇ ಕೇಳಿ: ರಾತ್ರಿ ಹೊತ್ತು ಹಾರ್ಟ್ ಸರ್ಜರಿ ಐಸಿಯುನಲ್ಲಿ ಡಾಕ್ಟ್ರು ಒಳಗೇ ಇರ್ತಾರಾ, ಬರೀ ಆನ್ ಕಾಲಾ? ಮೊದಲ ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಪೇಷಂಟ್? (ಒಬ್ರಿಗೆ ಒಬ್ರು ಅಂದ್ರೆ ಚೆನ್ನಾಗಿದೆ.) ಮತ್ತೆ ಎದೆ ತೆರೀಬೇಕಾದ್ರೆ ಓಟಿ ಟೀಮ್ ಎಷ್ಟು ನಿಮಿಷದಲ್ಲಿ ರೆಡಿ? ಬ್ಲಡ್ ಬ್ಯಾಂಕ್ ಕ್ಯಾಂಪಸ್ ಒಳಗಿದ್ಯಾ? ಡಯಾಲಿಸಿಸ್, ಬಲೂನ್ ಪಂಪ್, ರಾತ್ರಿ ಸಿಟಿ ಸ್ಕ್ಯಾನ್? ಭಾನುವಾರ, ಹಬ್ಬದ ದಿನ? ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಕೆಲವು ಕಡೆ ಸರ್ಜನ್ ಟೀಮ್ ಬೇರೆ ಊರಿಂದ ಬಂದು ಆಪರೇಷನ್ ಮಾಡಿ ಹೊರಟುಬಿಡೋ ಪದ್ಧತಿ ಇರುತ್ತೆ. ಅದೇ ತಪ್ಪು ಅಂತ ಹೇಳಲ್ಲ, ಆದ್ರೆ ಅವ್ರು ಹೋದ್ಮೇಲೆ ನೋಡ್ಕೊಳೋರು ಯಾರು, ಅವ್ರಿಗೆ ಎದೆ ತೆರೆಯೋಕೆ ಬರುತ್ತಾ ಅಂತ ಕೇಳದೆ ಸೈನ್ ಹಾಕ್ಬೇಡಿ.

ಕೈ ಪಳಗಿದೆಯಾ

ವರ್ಷಕ್ಕೆ ಎಷ್ಟು ಬೈಪಾಸ್ ಮಾಡ್ತಾರೆ ಅನ್ನೋದು ಮುಖ್ಯ. ಯುರೋಪಿನ ಹಾರ್ಟ್ ಡಾಕ್ಟ್ರುಗಳ 2018ರ ಮಾರ್ಗಸೂಚಿ ವರ್ಷಕ್ಕೆ ಕನಿಷ್ಠ 200 ಬೈಪಾಸ್ ಆಗೋ ಕಡೆ ಮಾಡಿಸಿ ಅನ್ನುತ್ತೆ. ಬೆಂಗಳೂರಿನ ದೊಡ್ಡ ಸೆಂಟರ್‌ಗಳಿಗೆ ಇದೇನು ದೊಡ್ಡ ವಿಷಯ ಅಲ್ಲ, ಚಿಕ್ಕ ಊರಲ್ಲಿ ಕೇಳಲೇಬೇಕಾದ ಪ್ರಶ್ನೆ. ಆದ್ರೆ ಜಾಸ್ತಿ ಮಾಡ್ತಾರೆ ಅಂದ ಮಾತ್ರಕ್ಕೆ ಚೆನ್ನಾಗಿ ಮಾಡ್ತಾರೆ ಅಂತಲೂ ಅಲ್ಲ, ಆಸ್ಪತ್ರೆ ಒಟ್ಟು ಎಷ್ಟು ಅನ್ನೋದರ ಜೊತೆಗೆ ನಿಮ್ಮ ಸರ್ಜನ್ ಎಷ್ಟು ಅಂತಲೂ ಕೇಳಿ, ಬೋರ್ಡಲ್ಲಿರೋ ದೊಡ್ಡ ಹೆಸರಿನೋರೇ ಮಾಡ್ತಾರಾ ಅಂತಲೂ ಕೇಳಿ. ಕೇಳೋಕೆ ಸಂಕೋಚ ಬೇಡ.

ಇನ್ನೊಂದು ಪ್ರಶ್ನೆ ಸರ್ಜನ್‌ಗೇ ಖುಷಿ ಕೊಡುತ್ತೆ: "ಎಲ್‌ಎಡಿಗೆ ಲೀಮಾ ಹಾಕ್ತೀರಲ್ವಾ ಡಾಕ್ಟ್ರೇ?" ಎದೆಗೋಡೆ ಒಳಗೆ ಎಡಗಡೆ ಒಂದು ಅಪಧಮನಿ ಇದೆ, ಅದೇ ಲೀಮಾ. ಅದನ್ನ ಹಾರ್ಟಿನ ಮುಂದಿನ ಮುಖ್ಯ ನಾಳ ಎಲ್‌ಎಡಿಗೆ ಜೋಡಿಸಿದ್ರೆ 10 ವರ್ಷ ಆದ್ರೂ 100ಕ್ಕೆ 90ಕ್ಕಿಂತ ಜಾಸ್ತಿ ತೆರೆದೇ ಇರುತ್ತೆ. ಕಾಲಿಂದ ತೆಗೆದು ಹಾಕೋ ರಕ್ತನಾಳಗಳಲ್ಲಿ ಅಷ್ಟೊತ್ತಿಗೆ ಹತ್ತಿರ ಹತ್ತಿರ ಅರ್ಧ ಮುಚ್ಚಿಹೋಗಿರುತ್ವೆ. ಹಾಗಾಗಿ ಇದು ಆಸ್ಪತ್ರೆ ಗುಣಮಟ್ಟ ಅಳೆಯೋ ಒಂದು ಮಾನದಂಡವೇ ಆಗಿದೆ. ಏನೋ ಕಾರಣಕ್ಕೆ ಹಾಕೋಕಾಗಲ್ಲ ಅಂದ್ರೆ ಕಾರಣ ಹೇಳ್ತಾರೆ, ಕೇಳ್ಕೊಳಿ.

"ಬೀಟಿಂಗ್ ಹಾರ್ಟ್" ಜಾಹೀರಾತಿಗೆ ಮಾತ್ರ ಮರುಳಾಗ್ಬೇಡಿ. ಹಾರ್ಟ್ ನಿಲ್ಲಿಸಿ ಮಷೀನಿಗೆ ಹಾಕಿ ಮಾಡೋದು, ಬಡಿತಾ ಇರೋವಾಗ್ಲೇ ಮಾಡೋದು ಎರಡೂ ಇದೆ, ನಮ್ಮ ದೇಶದಲ್ಲಿ ಎರಡನೇದು ಬಹಳ ಮಾಡ್ತಾರೆ. 2012ರ ಕೊರೊನರಿ ಅನ್ನೋ ಟ್ರಯಲಲ್ಲಿ 4752 ಜನರನ್ನ ಹೋಲಿಸಿದಾಗ 30 ದಿನದ ಸಾವು, ಅಟ್ಯಾಕ್, ಸ್ಟ್ರೋಕಲ್ಲಿ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, 5 ವರ್ಷಕ್ಕೂ ಕಾಣ್ಲಿಲ್ಲ. ನಿಮ್ಮ ಸರ್ಜನ್ ದಿನಾ ಯಾವುದು ಮಾಡ್ತಾರೋ ಅದೇ ನಿಮಗೆ ಒಳ್ಳೇದು.

ಸರ್ಟಿಫಿಕೇಟ್, ಸ್ಟಾರ್, ದುಡ್ಡು

ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಸಂಸ್ಥೆ) ಬೋರ್ಡ್ ಇದ್ರೆ ಒಳ್ಳೇದು, ಇನ್ಫೆಕ್ಷನ್ ಲೆಕ್ಕ ಇಡೋದು, ತಪ್ಪು ಔಷಧಿ ಕೊಟ್ಟಿದ್ದು ಬರ್ದಿಡೋದು ಇದೆಲ್ಲ ವ್ಯವಸ್ಥೆ ಇದೆ ಅಂತ ಅದು ಹೇಳುತ್ತೆ. ಬೈಪಾಸಲ್ಲಿ ಎಷ್ಟು ಜನ ಬದುಕಿದ್ರು ಅಂತ ಹೇಳಲ್ಲ. ಗೂಗಲ್ ರಿವ್ಯೂ ಪಾರ್ಕಿಂಗ್, ಕ್ಯಾಂಟೀನ್, ಬಿಲ್ಲಿಂಗ್ ಕೌಂಟರ್ ಕ್ಯೂ ಬಗ್ಗೆ ನಂಬಬಹುದು.

ರೂಮ್ ಚೆನ್ನಾಗಿದ್ರೆ ಆಪರೇಷನ್ ಚೆನ್ನಾಗಿರುತ್ತೆ ಅನ್ನೋದು ದೊಡ್ಡ ಭ್ರಮೆ. ಸರ್ಕಾರದ ಸ್ವಾಯತ್ತ ಸಂಸ್ಥೆ ಜಯದೇವ ಇದೆ, ಬೆಂಗಳೂರು ಅಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ, ಜನ ಕಿಕ್ಕಿರಿದಿರ್ತಾರೆ, ಡೇಟ್ ಯಾವಾಗ ಸಿಗುತ್ತೆ ಅನ್ನೋದನ್ನ ಮೊದ್ಲೇ ಕೇಳ್ಕೊಳಿ, ಕಾಯೋದೂ ಒಂದು ರಿಸ್ಕೇ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದವರೆಗೆ. ರೆಫರಲ್ ಲೆಟರ್ ಬೇಕಾಗುತ್ತೆ, ಅಡ್ಮಿಟ್ ಆಗೋ ಮೊದ್ಲೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಲ್ಲಿ ಮಾತಾಡಿ, ಅಡ್ಮಿಟ್ ಆದ್ಮೇಲೆ ಓಡಾಡಿದ್ರೆ ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಖಾಸಗಿಯಲ್ಲಿ ಪ್ಯಾಕೇಜ್ ಅಂದ್ರೆ ಎಷ್ಟು ದಿನ ಐಸಿಯು, ತೊಡಕು ಆಗಿ ಜಾಸ್ತಿ ದಿನ ಇದ್ರೆ ದಿನಕ್ಕೆ ಎಷ್ಟು, ಮತ್ತೆ ಓಟಿಗೆ ಹೋದ್ರೆ ಯಾರ ಖರ್ಚು, ಇದನ್ನ ಬರವಣಿಗೆಯಲ್ಲಿ ತಗೊಳಿ.

ಕಣ್ಣಿಗೆ ಕಾಣೋದು, ನಿಮ್ಮ ಕೈಲಿರೋದು

ಹಿಂದಿನ ದಿನ ಎದೆ, ಕಾಲಿನ ಕೂದಲು ತೆಗೆಯೋಕೆ ಬರ್ತಾರೆ. ಬ್ಲೇಡ್ ತಂದಿದಾರಾ, ಕ್ಲಿಪ್ಪರ್ ಮಷೀನಾ ನೋಡಿ. ಬ್ಲೇಡಲ್ಲಿ ಶೇವ್ ಮಾಡಿದ್ರೆ ಕಣ್ಣಿಗೆ ಕಾಣದ ಗೀರು ಬಿದ್ದು ಅಲ್ಲಿ ಕ್ರಿಮಿ ಬೆಳೆಯುತ್ತೆ, ಕ್ಲಿಪ್ಪರ್‌ನಲ್ಲೇ ಮಾಡ್ಬೇಕು ಅನ್ನೋದು ಹಳೇ ನಿಯಮ, ಇನ್ನೂ ಬ್ಲೇಡ್ ಹಿಡಿದಿದ್ರೆ ಉಳಿದ ನಿಯಮ ಎಷ್ಟು ಪಾಲಿಸ್ತಾರೆ ಅಂತ ನೀವೇ ಯೋಚ್ನೆ ಮಾಡಿ. ಕೇಳಿದ್ರೆ ತಂದುಕೊಡ್ತಾರೆ. ಐಸಿಯು ವಿಸಿಟಿಂಗ್ ಹೊತ್ತಲ್ಲಿ ಒಂದು ಬೆಡ್ಡಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ ಸ್ಯಾನಿಟೈಜರ್ ಹಾಕ್ತಾರಾ ನೋಡಿ. ಡಾಕ್ಟ್ರುಗಳನ್ನೇ ನೋಡಿ, ಸಿಸ್ಟರ್‌ಗಳು ಸಾಮಾನ್ಯವಾಗಿ ಹಾಕ್ತಾರೆ. ಶುಗರ್ ಇರೋರಿಗೆ ಆಪರೇಷನ್ ಹಿಂದೆಮುಂದೆ ಶುಗರ್ 180ರ ಒಳಗೆ ಇಡೋದು ಗುರಿ, ದಿನಾ ಎಷ್ಟಿದೆ ಅಂತ ಕೇಳ್ತಾ ಇರಿ.

ಎಲ್ಲಾ ಆಸ್ಪತ್ರೆ ಮೇಲೇ ಹಾಕೋಕಾಗಲ್ಲ. ಬೀಡಿ ಸಿಗರೇಟು ಇವತ್ತೇ ನಿಲ್ಬೇಕು, ಗಾಯ ಮಾಗೋಕೂ ಶ್ವಾಸಕೋಶಕ್ಕೂ ಅದೇ ಮೊದಲ ಶತ್ರು. ಹಲ್ಲು ಹುಳುಕು, ಚರ್ಮದಲ್ಲಿ ಕುರು ಇದ್ರೆ ಮೊದ್ಲೇ ತೋರಿಸಿ. ರಕ್ತ ತೆಳು ಮಾಡೋ ಕ್ಲೋಪಿಡೋಗ್ರೆಲ್ ಥರದ ಮಾತ್ರೆ ಆಪರೇಷನ್‌ಗೆ ಕೆಲವು ದಿನ ಮುಂಚೆ, ಕ್ಲೋಪಿಡೋಗ್ರೆಲ್ ಆದ್ರೆ ಸಾಮಾನ್ಯವಾಗಿ 5 ದಿನ, ನಿಲ್ಲಿಸ್ತಾರೆ, ಇಲ್ದಿದ್ರೆ ಬ್ಲೀಡಿಂಗ್ ಜಾಸ್ತಿ. ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಸ್ಟೆಂಟ್ ಹಾಕಿಸ್ಕೊಂಡಿದ್ರೆ ಅದೇ ಅಪಾಯ, ಡೇಟ್ ಡಾಕ್ಟ್ರೇ ಹೇಳ್ಬೇಕು.

ಮನೆಗೆ ಬಂದ್ಮೇಲೆ

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಆಟೋ ಹತ್ತೋ ಅವಸರದಲ್ಲಿ ಇರ್ಬೇಡಿ, ಐದು ನಿಮಿಷ ಕೂತು ಓದಿ. ಯಾವ್ಯಾವ ನಾಳಕ್ಕೆ ಯಾವ ಗ್ರಾಫ್ಟ್ (ಜೋಡಿಸಿದ ರಕ್ತನಾಳ) ಹಾಕಿದಾರೆ ಅಂತ ಬರ್ದಿರ್ಬೇಕು. ಮಾತ್ರೆ ಪಟ್ಟಿಯಲ್ಲಿ ಆಸ್ಪಿರಿನ್, ಕೊಲೆಸ್ಟ್ರಾಲ್‌ನ ಸ್ಟಾಟಿನ್, ಬೀಟಾ ಬ್ಲಾಕರ್ ಇದ್ಯಾ ನೋಡಿ, ಡಿಸ್ಚಾರ್ಜಲ್ಲಿ ಈ ಮೂರನ್ನ ಕೊಟ್ರಾ ಅನ್ನೋದನ್ನೂ ಎಸ್‌ಟಿಎಸ್ ಗುಣಮಟ್ಟದ ಲೆಕ್ಕಕ್ಕೆ ತಗೋಳುತ್ತೆ. ಯಾವುದಾದ್ರೂ ಇಲ್ಲ ಅಂದ್ರೆ ಮರೆತ್ರಾ, ಬೇಕಂತ ಬಿಟ್ರಾ ಅಂತ ಕೇಳಿ.

ಬೆಂಗಳೂರಲ್ಲಿ ಆಪರೇಷನ್ ಮಾಡಿಸ್ಕೊಂಡು ಹಾಸನ, ಶಿವಮೊಗ್ಗ, ಬಳ್ಳಾರಿ ಕಡೆ ವಾಪಸ್ ಹೋಗೋರು ರಾತ್ರಿಯೂ ಎತ್ತೋ ಒಂದು ನಂಬರ್ ತಗೊಂಡೇ ಹೊರಡಿ, ಅಲ್ಲೇ ನಿಂತು ಒಂದ್ಸಲ ಡಯಲ್ ಮಾಡಿ ಯಾರು ಎತ್ತುತಾರೆ ನೋಡಿ. ಎದೆಮೂಳೆ ಕೂಡೋಕೆ 6ರಿಂದ 8 ವಾರ ಬೇಕು, ಅಷ್ಟರೊಳಗೆ ಬಿಂದಿಗೆ ಎತ್ತೋದು, ಗಾಡಿ ಓಡಿಸೋದು ಬೇಡ. ಗಾಯ ಕೆಂಪಾಗಿ ನೀರು ಕೀವು ಬರೋದು, ಜ್ವರ, ಕೆಮ್ಮಿದಾಗ ಎದೆಮೂಳೆ ಟಕ್ ಟಕ್ ಅನ್ನೋದು, ಕಾಲು ಊದಿ ಉಸಿರು ಕಟ್ಟೋದು, ಎರಡೇ ದಿನದಲ್ಲಿ ಎರಡು ಕೆಜಿ ತೂಕ ಏರೋದು, ಎದೆ ಢವಢವ ಅಂತ ಅಡ್ಡಾದಿಡ್ಡಿ ಬಡ್ಕೊಳೋದು, ಇವುಗಳಲ್ಲಿ ಯಾವುದು ಬಂದ್ರೂ ಅರಿಶಿನ ಹಚ್ಚಿ ನೋಡೋಣ ಅನ್ಬೇಡಿ, ಅವತ್ತೇ ಆಪರೇಷನ್ ಮಾಡಿದ ಟೀಮಿಗೆ ಫೋನ್ ಮಾಡಿ, ಫೋಟೋ ಕಳ್ಸಿ. ಮಾತು ತೊದಲೋದು, ಬಾಯಿ ಸೊಟ್ಟ ಆಗೋದು, ಕೈ ಬೀಳೋದು ಆದ್ರೆ ಯಾರಿಗೂ ಫೋನ್ ಮಾಡಿ ಸಲಹೆ ಕೇಳ್ತಾ ಕೂರ್ಬೇಡಿ, 108 ಕರೆಸಿ ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಹೋಗಿ. ಬೇರೆ ಕಡೆ ಅಡ್ಮಿಟ್ ಆದ್ರೂ ಆಪರೇಷನ್ ಮಾಡಿದ ಆಸ್ಪತ್ರೆಗೆ ತಿಳಿಸಿ, ಅವ್ರ ಲೆಕ್ಕದಲ್ಲಿ ನಿಮ್ಮ ಕೇಸೂ ಸೇರ್ಲಿ.